ಕತೆಯೂ ನನ್ನದೇ, ಚಿತ್ರವೂ ನನ್ನದೇ. ಪುಸ್ತಕ ಮಾಡುವುದು ಹೇಗೆ?

ಪ್ರಶ್ನೆ: ನಾನು ಮದ್ದೂರಿನ ಹತ್ತಿರ ಒಂದು ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ವಯಸ್ಸು 29. ಅಕ್ಕನ ಮಗಳಿಗೆ ಹೇಳುತ್ತಾ ಹೇಳುತ್ತಾ ಒಂದು ಕತೆ ಬರೆದೆ. ಸುಳ್ಳು ಹೇಳುವ ಮೊಲವೊಂದು ಬುದ್ಧಿ ಕಲಿಯುವ ಕತೆ, ಸುಮಾರು 1,400 ಪದ. ಅದಕ್ಕೆ ಎಂಟು ಜಲವರ್ಣ ಚಿತ್ರಗಳನ್ನೂ ಮಾಡಿದ್ದೇನೆ. ಎರಡನ್ನು ಇದರ ಜೊತೆ ಕಳಿಸಿದ್ದೇನೆ. ಮಕ್ಕಳ ಚಿತ್ರಪುಸ್ತಕಗಳನ್ನು ಬರೆದು, ಚಿತ್ರವನ್ನೂ ನಾನೇ ಮಾಡಬೇಕೆಂಬ ಆಸೆ. ಇದಕ್ಕೆ ಕೋರ್ಸ್ ಮಾಡಬೇಕಾ? ಇಂಗ್ಲಿಷ್ ಬೇಕಾ? ಯಾರಿಗೆ ಕಳಿಸಬೇಕು? ಇದರಿಂದ ಜೀವನ ನಡೆಯುತ್ತಾ? ಕಳಿಸಿದ ಕತೆಯನ್ನು ಯಾರಾದರೂ ಕದ್ದರೆ ಏನು ಮಾಡಲಿ?

ಉತ್ತರ: ನಿಮ್ಮ ಎರಡು ಚಿತ್ರಗಳನ್ನು ಮೊದಲು ನೋಡಿದೆ. ಕತೆ ಆಮೇಲೆ ಓದಿದೆ. ಮೊಲ ಸುಳ್ಳು ಹೇಳುವಾಗ ಅದರ ಎಡಗಿವಿ ಮಡಚಿಕೊಳ್ಳುತ್ತದೆ. ಎರಡು ಚಿತ್ರದಲ್ಲೂ ಹಾಗೇ ಇದೆ. ಆದರೆ ಕತೆಯಲ್ಲಿ ಕಿವಿಯ ಮಾತೇ ಇಲ್ಲ. ಬೇಕಂತಲೇ ಮಾಡಿದಿರೋ, ಕೈ ತಾನಾಗಿ ಹಾಗೆ ಬರೆಯಿತೋ ಗೊತ್ತಿಲ್ಲ. ನಿಮ್ಮ 1,400 ಪದ ಒಂದು ತಕ್ಕಡಿಯಲ್ಲಿಟ್ಟು ಆ ಕಿವಿಯನ್ನು ಇನ್ನೊಂದರಲ್ಲಿಟ್ಟರೆ ಕಿವಿಯೇ ಭಾರ.

ಯಾಕೆ ಅಂದರೆ, ಚಿತ್ರಪುಸ್ತಕ ಬೇರೆ, ಚಿತ್ರ ಇರುವ ಪುಸ್ತಕ ಬೇರೆ. ನಾವು ಚಿಕ್ಕವರಿದ್ದಾಗ ಓದಿದ ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಎರಡನೇ ಥರದವೇ ಜಾಸ್ತಿ. ಕತೆ ಪೂರ್ತಿ ಬರಹದಲ್ಲೇ ಇರುತ್ತಿತ್ತು. ಚಿತ್ರ ಹರಿದುಹೋದರೂ ಕತೆಗೆ ಏನೂ ಆಗುತ್ತಿರಲಿಲ್ಲ. ಚಿತ್ರಪುಸ್ತಕದಲ್ಲಿ ಹಾಗಲ್ಲ. ಬರಹ ಮಾತ್ರ ಓದಿದರೆ ಏನೋ ಬಿಟ್ಟುಹೋಗಿದೆ ಅನ್ನಿಸಬೇಕು. ಚಿತ್ರ ಮಾತ್ರ ನೋಡಿದರೂ ಹಾಗೇ ಅನ್ನಿಸಬೇಕು. ಬರೆಯುವವರು ಒಬ್ಬರು, ಚಿತ್ರ ಮಾಡುವವರು ಇನ್ನೊಬ್ಬರು ಆದಾಗ ಇದಕ್ಕೆ ಜಗಳ, ಒಪ್ಪಂದ ಎಲ್ಲ ಬೇಕಾಗುತ್ತದೆ. ನಿಮಗೆ ಅದಿಲ್ಲ. ಚಿತ್ರ ಹೇಳಿದ್ದನ್ನು ಬರಹದಿಂದ ಹೊಡೆದುಹಾಕಲು ಯಾರ ಅಪ್ಪಣೆಯೂ ಬೇಡ.

ಮಾಡಿ ನೋಡೋಣ. ನಿಮ್ಮ ಕತೆ ಹೀಗೆ ಶುರುವಾಗುತ್ತದೆ: "ದಟ್ಟವಾದ ಕಾಡಿನಲ್ಲಿ ಬಿಳಿ ಬಣ್ಣದ ಮುದ್ದಾದ ಮೊಲವೊಂದು ವಾಸಿಸುತ್ತಿತ್ತು. ಅದಕ್ಕೆ ಸುಳ್ಳು ಹೇಳುವುದೆಂದರೆ ಬಹಳ ಇಷ್ಟ. ಒಂದು ದಿನ ಅದು ಅಮ್ಮ ಬುಟ್ಟಿಯಲ್ಲಿ ಇಟ್ಟಿದ್ದ ಕ್ಯಾರೆಟ್‌ಗಳನ್ನೆಲ್ಲ ತಿಂದುಬಿಟ್ಟಿತು. ಅಮ್ಮ ಕೇಳಿದಾಗ ತನಗೆ ಗೊತ್ತಿಲ್ಲವೆಂದು ಸುಳ್ಳು ಹೇಳಿತು."

ಇದರಲ್ಲಿ ಕಾಡು ಚಿತ್ರದಲ್ಲಿ ಕಾಣುತ್ತದೆ. ಬಿಳಿ ಬಣ್ಣ ಕಾಣುತ್ತದೆ. ಮುದ್ದು ಅನ್ನುವುದನ್ನು ಹೇಳಿದರೆ ಮುದ್ದು ಹೋಗುತ್ತದೆ. ಖಾಲಿ ಬುಟ್ಟಿ ಕಾಣುತ್ತದೆ, ಉಬ್ಬಿದ ಕೆನ್ನೆ ಕಾಣುತ್ತದೆ. ಸುಳ್ಳು ಅನ್ನುವುದು ಕಿವಿಯಲ್ಲಿದೆ. ಹಾಗಾದರೆ ಬರಹಕ್ಕೆ ಉಳಿಯುವುದು ಇಷ್ಟೇ:

"ಗೆಣಸು ಎಲ್ಲಿ ಹೋಯ್ತು?"
"ನಂಗೊತ್ತಿಲ್ಲ."

ಕ್ಯಾರೆಟ್ ಹೋಗಿ ಗೆಣಸು ಯಾಕೆ ಬಂತು ಅಂತ ಮುಂದೆ ಹೇಳುತ್ತೇನೆ. ಪುಟ ತಿರುವಿ. "ಬೆಲ್ಲ ಎಲ್ಲಿ ಹೋಯ್ತು?" "ನಂಗೊತ್ತಿಲ್ಲ." ಮತ್ತೆ ಎಡಗಿವಿ ಮಡಚಿದೆ. ಮೂರನೇ ಸಲಕ್ಕೆ ಕೇಳುತ್ತಿರುವ ಮಗು ಅಮ್ಮಮೊಲಕ್ಕಿಂತ ಮುಂಚೆ ಕೂಗುತ್ತದೆ, "ಸುಳ್ಳು! ಕಿವಿ ನೋಡು!" ಅಂತ. ಅಮ್ಮನಿಗೆ ಗೊತ್ತಿಲ್ಲದ ಗುಟ್ಟು ಮಗುವಿಗೆ ಗೊತ್ತಾಗಿದೆ. ಆಮೇಲೆ ಒಂದು ಪುಟದಲ್ಲಿ ಮೊಲ ಅದೇ "ನಂಗೊತ್ತಿಲ್ಲ" ಅನ್ನುತ್ತದೆ. ಆದರೆ ಈ ಸಲ ಎರಡು ಕಿವಿಯೂ ನೆಟ್ಟಗಿವೆ. ನಿಜ ಹೇಳುತ್ತಿದೆ. ಅಮ್ಮ ನಂಬುವುದಿಲ್ಲ. ಪುಸ್ತಕದ ಈಚೆ ಕೂತ ಮಗು ಒಂದೇ ನಂಬುತ್ತದೆ. ಆಗ ಆ ಮಗುವಿಗೆ ಆಗುವ ಸಂಕಟ ಇದೆಯಲ್ಲ, ಅದು ನಿಮ್ಮ ಕೊನೆಯ ಎರಡು ಪ್ಯಾರಾ ಬುದ್ಧಿಮಾತಿನಿಂದ ಬರುವುದಿಲ್ಲ. ಅವನ್ನು ತೆಗೆದುಬಿಡಿ. ಅಜ್ಜಿ ಆಮೆ ಬಂದು ಉಪದೇಶ ಮಾಡುವುದಂತೂ ಬೇಡವೇ ಬೇಡ. ಮಕ್ಕಳ ಕತೆ ಅಂದರೆ ಕೊನೆಗೊಂದು ನೀತಿ ಇರಲೇಬೇಕು ಅಂತ ನಂಬಿದ ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮ ಹೆಡ್‌ಮಾಸ್ಟರೂ ಕೇಳಬಹುದು. ನಕ್ಕು ಸುಮ್ಮನಾಗಿ.

ಹೀಗೆ ಮಾಡಿದರೆ ನಿಮ್ಮ ಕತೆ 200 ಪದಕ್ಕೆ ಬಂದು ನಿಲ್ಲುತ್ತದೆ. ಸಾಕು. ಚಿತ್ರಪುಸ್ತಕಕ್ಕೆ 500 ಪದ ಇರಲಿ ಅಂತ ಎಲ್ಲಾದರೂ ಓದಿದ್ದರೆ ಅದು ಇಂಗ್ಲಿಷಿನ ಲೆಕ್ಕ. "ಬಂದುಬಿಟ್ಟಿದ್ದಾಳಂತೆ" ಅನ್ನುವುದು ನಮಗೆ ಒಂದು ಪದ. ಅವರಿಗೆ ಐದಾರು ಬೇಕು. ಕನ್ನಡದಲ್ಲಿ ಅದನ್ನು ಇನ್ನೂ ಇಳಿಸಿಕೊಳ್ಳಬೇಕು.

ಈಗ ಗೆಣಸಿನ ವಿಷಯ. ನಿಮ್ಮ ಮೊಲ ಬಿಳಿ, ಕಣ್ಣು ಕೆಂಪು. ಅದು ಗೂಡಿನಲ್ಲಿ ಸಾಕುವ ಮೊಲ. ನಿಮ್ಮೂರಿನ ಕಬ್ಬಿನ ಗದ್ದೆಯಿಂದ ಸಂಜೆ ಹೊತ್ತು ಚಂಗನೆ ರಸ್ತೆ ದಾಟುತ್ತಲ್ಲ, ಅದು ಕಂದು. ಕತ್ತಿನ ಹಿಂದೆ ಕಪ್ಪು ಪಟ್ಟೆ ಇರುತ್ತದೆ. ಅದು ಬಿಲ ತೋಡುವುದಿಲ್ಲ, ಹುಲ್ಲಿನಲ್ಲಿ ತಗ್ಗು ಮಾಡಿಕೊಂಡು ಮಲಗುತ್ತದೆ. ನಿಮ್ಮ ಚಿತ್ರದಲ್ಲಿ ಮೊಲದ ಮನೆಗೆ ಹೊಗೆಕೊಳವೆ ಇದೆ, ಕಿಟಕಿಯಲ್ಲಿ ಹೂಕುಂಡ ಇದೆ. ಈ ಮನೆಯನ್ನು ಮದ್ದೂರಿನಲ್ಲಿ ಎಲ್ಲಿ ನೋಡಿದಿರಿ? ಎಲ್ಲೂ ನೋಡಿಲ್ಲ, ಅಲ್ವಾ? ಬೇರೆ ಪುಸ್ತಕದಲ್ಲಿ ನೋಡಿದ್ದೀರಿ. ಕ್ಯಾರೆಟ್ಟೂ ಅಲ್ಲಿಂದಲೇ ಬಂದದ್ದು, ಅದಕ್ಕೇ ಗೆಣಸು ಹಾಕಿದೆ. ನಾವೆಲ್ಲ ಶುರು ಮಾಡಿದ್ದು ಹಾಗೇ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ನಂಜನಗೂಡು ರಸ್ತೆಯ ಪಕ್ಕ. ನನ್ನ ಮೊದಲ ಪುಸ್ತಕದ ಕಾಡಿನ ತುಂಬ ಪೈನ್ ಮರಗಳು.

ಆದ್ದರಿಂದ ಒಂದು ವರ್ಷ ಜೇಬಿನಲ್ಲಿ ಸಣ್ಣ ಸ್ಕೆಚ್ ಪುಸ್ತಕ ಇಟ್ಟುಕೊಂಡು ತಿರುಗಿ. ನಿಮ್ಮ ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಷ್ಟು ದೊಡ್ಡ ಹಕ್ಕಿ ತೆಳ್ಳಗಿನ ಕೊಂಬೆಯ ಮೇಲೆ ಇಳಿಯುವಾಗ ಎಷ್ಟು ಪೇಚಾಡುತ್ತದೆ ಅಂತ ಕೂತು ನೋಡಿ, ಬರೆಯಿರಿ. ಆಲೆಮನೆಗೆ ಹೋಗಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಜೇನಿನ ಬಣ್ಣಕ್ಕೆ ತಿರುಗುವುದನ್ನು ಫೋಟೋ ತೆಗೆಯಬೇಡಿ, ಬಣ್ಣದಲ್ಲೇ ಹಿಡಿಯಿರಿ. ಮೈಸೂರಿಗೆ ಬಂದಾಗ ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಗಂಟೆ ಕೂತುಕೊಳ್ಳಿ. ಜನ ಚೌಕಾಸಿ ಮಾಡುವಾಗ ಕೈ ಎಲ್ಲಿ ಹೋಗುತ್ತದೆ ಅನ್ನುವುದು ನಿಮ್ಮ ಪಾತ್ರಗಳಿಗೆಲ್ಲ ಬೇಕಾಗುತ್ತದೆ.

ಇನ್ನೊಂದು ಜಾಗ ಹೇಳಲೇಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್. ಟಿಪ್ಪು ಅದನ್ನು ಕಟ್ಟಿಸಿದ್ದು 1784ರಲ್ಲಿ. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಶಾಲೆಯಿಂದ ಟೂರ್ ಹೋದಾಗ ಎಲ್ಲರೂ ಅದರ ಮುಂದೆ ಎರಡು ನಿಮಿಷ ನಿಂತು ಮುಂದೆ ಹೋಗುತ್ತಾರೆ. ನೀವು ಅರ್ಧ ದಿನ ಕೊಡಿ. ಸಾಲು ಸಾಲು ಕುದುರೆ, ಸಾಲು ಸಾಲು ಸೈನಿಕರು, ಎಲ್ಲ ಒಂದೇ ಅಚ್ಚು. ಅಷ್ಟು ಜನರ ನಡುವೆ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಅಧಿಕಾರಿ ಕರ್ನಲ್ ಬೈಲಿ ತಕ್ಷಣ ಕಣ್ಣಿಗೆ ಬೀಳುತ್ತಾನೆ. ಸುತ್ತ ಎಲ್ಲ ಒಂದೇ ಥರ ಇರುವುದರಿಂದ ಬೇರೆ ಇರುವುದು ಎದ್ದು ಕಾಣುತ್ತದೆ. ನಿಮ್ಮ ಕಿವಿಯ ಲೆಕ್ಕವೂ ಅದೇ. ನಾಲ್ಕು ಸಲ ಎಲ್ಲ ಒಂದೇ ಥರ ಇದ್ದರೇನೇ ಐದನೇ ಸಲದ ನೆಟ್ಟಗಿನ ಕಿವಿ ಕಾಣುವುದು. ಬೇಜಾರಾಯಿತು ಅಂತ ನಡುವೆ ಮೊಲದ ಅಂಗಿ ಬಣ್ಣ ಬದಲಾಯಿಸಿದರೆ ಕೆಟ್ಟಿತು.

ಇನ್ನು ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ. ಪ್ರಕಾಶಕರ ವಿಚಾರ ಇದಾದ ಮೇಲೆ. ಆರು ಎ4 ಹಾಳೆ ತೆಗೆದುಕೊಳ್ಳಿ. ನಡುವೆ ಮಡಚಿ, ಒಂದರೊಳಗೆ ಒಂದು ಸೇರಿಸಿ, ಮಡಿಕೆಯ ಮೇಲೆ ಎರಡು ಪಿನ್ ಹೊಡೆಯಿರಿ. 24 ಪುಟದ ಪುಸ್ತಕ ಆಯ್ತು. ಈ 24 ಸುಮ್ನೆ ಬಂದ ಲೆಕ್ಕ ಅಲ್ಲ. ಪ್ರೆಸ್ಸಿನಲ್ಲಿ ದೊಡ್ಡ ಹಾಳೆಯ ಎರಡೂ ಕಡೆ ಅಚ್ಚು ಹಾಕಿ ಮಡಚಿ ಕತ್ತರಿಸುತ್ತಾರೆ. ಅದನ್ನು ಫಾರಂ ಅನ್ನುತ್ತಾರೆ. ಒಂದು ಫಾರಂನಲ್ಲಿ 8 ಅಥವಾ 16 ಪುಟ. ಅದಕ್ಕೇ ಚಿತ್ರಪುಸ್ತಕಗಳು 16, 24, 32 ಪುಟ ಇರುವುದು. ಹೊರದೇಶಗಳಲ್ಲಿ 32 ವಾಡಿಕೆ. ನಮ್ಮಲ್ಲಿ 16, 24 ಕೂಡ ಬೇಕಾದಷ್ಟಿವೆ. 27 ಪುಟ ಮಾಡಿಕೊಡಿ ಅಂದರೆ ಪ್ರೆಸ್ಸಿನವರು ಟೀ ಕುಡಿಸಿ ಕಳಿಸುತ್ತಾರೆ.

ಆ 24ರಲ್ಲಿ ಮೊದಲ ಪುಟ ಹೆಸರಿಗೆ ಹೋಯಿತು. 2-3ರಿಂದ 22-23ರವರೆಗೆ 11 ಜೋಡಿಪುಟ. ಕೊನೆಗೆ 24ನೇದು ಒಂಟಿ ಪುಟ. ಅಂದರೆ ನಿಮಗೆ ಎಂಟು ಚಿತ್ರ ಸಾಲುವುದಿಲ್ಲ, ಹನ್ನೆರಡು ಬೇಕು, ಮೇಲೆ ಮುಖಪುಟ. ಪೆನ್ಸಿಲ್ಲಿನಲ್ಲಿ ಕಡ್ಡಿಗೊಂಬೆ ಬರೆದು ತುಂಬಿಸಿ. ಬಣ್ಣ ಮುಟ್ಟಬೇಡಿ. ಬಣ್ಣ ಹಾಕಿದ ಚಿತ್ರವನ್ನು ಕಿತ್ತುಹಾಕಲು ಮನಸ್ಸು ಬರುವುದಿಲ್ಲ. ಕಡ್ಡಿಗೊಂಬೆಯನ್ನು ಹತ್ತು ಸಲ ಕಿತ್ತುಹಾಕಬಹುದು. ನಾನು ಒಂದು ಪುಸ್ತಕಕ್ಕೆ ಐದಾರು ಡಮ್ಮಿ ಮಾಡುತ್ತೇನೆ.

ಡಮ್ಮಿ ಕೈಯಲ್ಲಿ ಹಿಡಿದು ತಿರುವಿದಾಗ ಗೊತ್ತಾಗುವ ಸಂಗತಿ ಬೇರೆ ಎಲ್ಲೂ ಗೊತ್ತಾಗುವುದಿಲ್ಲ. ಪುಟ ತಿರುವುವುದು ಅಂದರೆ ಪರದೆ ಎಳೆದ ಹಾಗೆ. ಪ್ರಶ್ನೆ ಬಲಪುಟದ ಕೊನೆಯಲ್ಲಿರಲಿ, ಉತ್ತರ ತಿರುವಿದ ಮೇಲೆ ಬರಲಿ. ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ ಇಟ್ಟರೆ ಮಗು ಎರಡನ್ನೂ ಒಟ್ಟಿಗೆ ನೋಡಿಬಿಡುತ್ತದೆ. ಇನ್ನೊಂದು, ಕನ್ನಡ ಎಡದಿಂದ ಬಲಕ್ಕೆ ಓದುವ ಭಾಷೆ. ಬಲಕ್ಕೆ ಓಡುವ ಮೊಲ ಮುಂದೆ ಹೋಗುತ್ತಿದೆ ಅನ್ನಿಸುತ್ತದೆ. ಎಡಕ್ಕೆ ಓಡಿದರೆ ಮನೆಗೆ ವಾಪಸ್ ಬಂದ ಹಾಗೆ, ಇಲ್ಲ ಏನೋ ಅಡ್ಡ ಬಂದ ಹಾಗೆ.

ನಡುಮಡಿಕೆಯ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ನನ್ನ ಎರಡನೇ ಪುಸ್ತಕದಲ್ಲಿ ಜೋಡಿಪುಟದ ತುಂಬ ಆನೆಯ ಮುಖ ಬರೆದೆ. ಸೊಂಡಿಲು ಸರಿಯಾಗಿ ನಟ್ಟನಡುವೆ. ತುಂಬ ಹೆಮ್ಮೆ ಪಟ್ಟಿದ್ದೆ. ಅಚ್ಚಾಗಿ ಬಂದಾಗ ಸೊಂಡಿಲು ಇರಲಿಲ್ಲ. ಹೊಲಿಗೆ ನುಂಗಿತ್ತು. ಎರಡು ಕಣ್ಣು, ಎರಡು ದೊಡ್ಡ ಕಿವಿ ಮಾತ್ರ ಉಳಿದಿದ್ದವು. ಮಕ್ಕಳು ಅದನ್ನು ಹಂದಿ ಅಂದರು. ಅಂದಿನಿಂದ ಮುಖ, ಕೈ, ಅಕ್ಷರ ಯಾವುದನ್ನೂ ನಡುವೆ ಬಿಡುವುದಿಲ್ಲ. ಅಂಚಿನಲ್ಲೂ ಹಾಗೇ. ಪುಟದ ಅಳತೆಗಿಂತ ನಾಲ್ಕೂ ಕಡೆ 3 ಮಿಲಿಮೀಟರ್ ಜಾಸ್ತಿ ಬರೆಯಿರಿ. ಕತ್ತರಿಸುವಾಗ ಅಷ್ಟು ಹೋಗುತ್ತದೆ.

ಡಮ್ಮಿ ಒಂದು ಮಟ್ಟಕ್ಕೆ ಬಂದ ಮೇಲೆ ಮಕ್ಕಳ ಮುಂದೆ ಓದಿ. ಅಕ್ಕನ ಮಗಳ ಮುಂದೆ ಬೇಡ. ಅವಳಿಗೆ ಚಿಕ್ಕಮ್ಮ ಏನು ಮಾಡಿದರೂ ಚೆನ್ನ. ನಿಮ್ಮನ್ನು ಗುರುತೇ ಇಲ್ಲದ ಮಕ್ಕಳು ಬೇಕು. ಹತ್ತಿರದ ಸರ್ಕಾರಿ ಶಾಲೆಯ ನಲಿ-ಕಲಿ ತರಗತಿ ಇದಕ್ಕೆ ಬಹಳ ಒಳ್ಳೆಯ ಜಾಗ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ನಲಿ-ಕಲಿ ಶುರುವಾಗಿದ್ದೇ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಹೆಡ್‌ಮಾಸ್ಟರ ಅನುಮತಿ ಕೇಳಿ ಅರ್ಧ ಗಂಟೆ ತೆಗೆದುಕೊಳ್ಳಿ. ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲೂ ಸಂಜೆ ಮಕ್ಕಳು ಸಿಗುತ್ತಾರೆ.

ಓದಿ ಆದಮೇಲೆ "ಚೆನ್ನಾಗಿತ್ತಾ?" ಅಂತ ಕೇಳಬೇಡಿ. "ಹೌದು ಮಿಸ್" ಅಂತ ಒಟ್ಟಿಗೆ ಹಾಡುತ್ತಾರೆ, ಅಷ್ಟೇ. ಓದುವಾಗ ಅವರ ಕಣ್ಣು ನೋಡಿ. ಯಾವ ಪುಟದಲ್ಲಿ ಕಿಟಕಿ ಕಡೆ ತಿರುಗಿದವು? ಆ ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಒಂದು ಸಲ ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ ಶಾಲೆಯಲ್ಲಿ ನನ್ನ ಡಮ್ಮಿ ಓದುತ್ತಿದ್ದೆ. ಅಜ್ಜ, ಮೊಮ್ಮಗಳು ಸಂತೆಗೆ ಹೋಗುವ ಕತೆ. ಬಹಳ ಭಾವುಕವಾದ ಕೊನೆ ಇತ್ತು, ನನಗೇ ಗಂಟಲು ಕಟ್ಟಿತು. ಓದಿ ಮುಗಿಸಿ ತಲೆ ಎತ್ತಿದೆ. ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿ ಕೇಳಿದ, "ಅಜ್ಜನ್ ಚಪ್ಲಿ ಎಲ್ಲೋಯ್ತು?" ಆರನೇ ಪುಟದಲ್ಲಿ ಅಜ್ಜನ ಕಾಲಲ್ಲಿ ಚಪ್ಪಲಿ ಇತ್ತು. ಎಂಟನೇ ಪುಟದಲ್ಲಿ ಇರಲಿಲ್ಲ. ನಾನು ನೋಡಿರಲಿಲ್ಲ, ನೋಡಿದ ದೊಡ್ಡವರು ಯಾರೂ ಹೇಳಿರಲಿಲ್ಲ. ಆ ಹುಡುಗ ಕತೆ ಪೂರ್ತಿ ಆ ಚಪ್ಪಲಿಗಾಗಿ ಕಾದಿದ್ದಾನೆ! ಕೊನೆಗೆ ನಾನು ಚಪ್ಪಲಿ ಕಳೆದುಹೋಗುವುದನ್ನೇ ಕತೆ ಮಾಡಿದೆ. ಅದೇ ಉಳಿದದ್ದು.

ಅಲ್ಲೇ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಪುಸ್ತಕವನ್ನು ದೊಡ್ಡವರು ಓದಿ ಹೇಳುವುದೋ, ಮಗು ತಾನೇ ಓದುವುದೋ? ಓದಿ ಹೇಳುವುದಾದರೆ ಎಷ್ಟು ಒತ್ತಕ್ಷರ ಇದ್ದರೂ ನಡೆಯುತ್ತದೆ, ಕಿವಿಗೆ ಒತ್ತಕ್ಷರ ಇಲ್ಲವಲ್ಲ. ಮಗು ತಾನೇ ಓದುವುದಾದರೆ ಹುಷಾರಾಗಿರಬೇಕು. ನಲಿ-ಕಲಿಯಲ್ಲಿ ಅಕ್ಷರಗಳನ್ನು ಅ ಆ ಇ ಈ ಅಂತ ಕಲಿಸುವುದಿಲ್ಲ. ರ, ಗ, ಸ, ದ, ಅ ಅಂತ ಬರೆಯಲು ಸುಲಭವಾದವನ್ನು ಮೊದಲು ಕಲಿಸುತ್ತಾರೆ. ಒತ್ತಕ್ಷರ ಬಹಳ ಆಮೇಲೆ ಬರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಪುಸ್ತಕಗಳನ್ನು ನಾಲ್ಕು ಹಂತ ಮಾಡಿ ಇಟ್ಟಿದ್ದಾರೆ. ಮೊದಲ ಹಂತದ ಹತ್ತು ಕನ್ನಡ ಪುಸ್ತಕ ಓದಿದರೆ ಅಂದಾಜು ಸಿಗುತ್ತದೆ.

ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಮೊಲದ ಬಾಯಲ್ಲಿ ಮಂಡ್ಯದ ಮಾತೇ ಇರಲಿ. "ಎಲ್ಲೋಯ್ತು", "ನಂಗೊತ್ತಿಲ್ಲ" ಅನ್ನುವುದಕ್ಕೆ ನಾಚಿಕೆ ಬೇಡ. ಸಂಪಾದಕರು ಶುದ್ಧ ಮಾಡಲು ಬಂದರೆ ವಾದ ಮಾಡಿ. ನಿರೂಪಣೆ ಇದ್ದರೆ ಅದು ಎಲ್ಲ ಕಡೆಯ ಮಕ್ಕಳಿಗೂ ತಿಳಿಯುವ ಸರಳ ಕನ್ನಡದಲ್ಲಿರಲಿ.

ತಾಂತ್ರಿಕ ವಿಷಯ ಎರಡು ಮೂರು ಇವೆ. ಚಿತ್ರವನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಕಮ್ಮಿ ಇಲ್ಲದೆ ಸ್ಕ್ಯಾನ್ ಮಾಡಿ, ಮೊಬೈಲ್ ಫೋಟೋ ಸಾಲದು. ಕಂಪ್ಯೂಟರ್ ಪರದೆಯಲ್ಲಿ ಕಾಣುವ ಬಣ್ಣ ಅಚ್ಚಿನಲ್ಲಿ ಬರುವುದಿಲ್ಲ. ಅಚ್ಚಿನಲ್ಲಿ ಇರುವುದು ನಾಲ್ಕೇ ಶಾಯಿ. ಜೂನ್, ಜುಲೈನಲ್ಲಿ ನಾಲೆ ಬಿಟ್ಟ ಮೇಲೆ ಭತ್ತದ ಸಸಿಮಡಿಯ ಹಸಿರು ಇರುತ್ತಲ್ಲ, ಆ ಮಿಂಚುವ ಹಸಿರು ಕಾಗದದ ಮೇಲೆ ಮಂಕಾಗುತ್ತದೆ. ಪಕ್ಕದಲ್ಲಿ ಕಂದು, ಕೆಂಪು ಇಟ್ಟು ಅದನ್ನು ಎತ್ತಿ ತೋರಿಸಬೇಕು. ಮತ್ತೆ, ಅಕ್ಷರವನ್ನು ಚಿತ್ರದೊಳಗೆ ಬಣ್ಣದಲ್ಲಿ ಬರೆಯಬೇಡಿ. ಬೇರೆ ಪದರದಲ್ಲಿ ಬರೀ ಕಪ್ಪಿನಲ್ಲಿ ಇರಬೇಕು. ಆಗ ತಮಿಳಿಗೋ ಹಿಂದಿಗೋ ಹೋದರೆ ಕಪ್ಪು ಶಾಯಿಯ ಅಚ್ಚಿನ ಪ್ಲೇಟ್ ಒಂದನ್ನೇ ಬದಲಾಯಿಸಿದರೆ ಸಾಕು.

ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಆ ಜಾಗವನ್ನು ಚಿತ್ರದಲ್ಲಿ ಮೊದಲೇ ಬಿಟ್ಟುಕೊಳ್ಳಿ. ಪುಟ ಜೋಡಿಸುವ ಡಿಟಿಪಿಯವರು ಈಗಲೂ "ನುಡಿ" ಅನ್ನುವ ಹಳೇ ತಂತ್ರಾಂಶದ ಅಕ್ಷರದಲ್ಲಿ ಕೆಲಸ ಮಾಡುವುದುಂಟು. ನೀವು ಯೂನಿಕೋಡ್‌ನಲ್ಲಿ ಕೊಟ್ಟಿರುತ್ತೀರಿ. ಬದಲಾಯಿಸುವಾಗ ಏನಾದರೂ ಉದುರುತ್ತದೆ. ನನ್ನ ಒಂದು ಪುಸ್ತಕದಲ್ಲಿ ಒತ್ತಕ್ಷರಗಳು ಉದುರಿ "ಅಕ್ಕ" ಎಲ್ಲ "ಅಕ" ಆಗಿಬಿಟ್ಟಿತ್ತು. 24 ಪುಟದಲ್ಲಿ 31 ಸಲ. ತಪ್ಪು ಪ್ರೆಸ್ಸಿನವರದು ಎಷ್ಟೋ ನನ್ನದೂ ಅಷ್ಟೇ, ಕೊನೆಯ ಪ್ರೂಫ್ ಫೋನಿನಲ್ಲಿ ನೋಡಿ "ಓಕೆ" ಅಂದಿದ್ದೆ. ಕಾಗದದ ಮೇಲೆ ಪ್ರಿಂಟ್ ತೆಗೆದು, ಬೆರಳಿಟ್ಟು ಓದಿ.

ಕೋರ್ಸ್ ಬೇಕಾ? ಬೇಕೇಬೇಕು ಅಂತಿಲ್ಲ. ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಪದವಿ ಇದೆ. ಕೆಲಸ ಬಿಟ್ಟು ಅದಕ್ಕೆ ಸೇರಿ ಅಂತ ಈ ವಯಸ್ಸಿನಲ್ಲಿ ನಿಮಗೆ ಹೇಳಲಾರೆ. ಅವರ ವಾರ್ಷಿಕ ಪ್ರದರ್ಶನ ಇದ್ದಾಗ ಹೋಗಿ ನೋಡಿ. ಮೈಸೂರಿನಲ್ಲೇ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್‌ಗೆ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಅವರು ಇಲ್ಲೇ ಮಹಾರಾಜ ಕಾಲೇಜಿನಲ್ಲಿ ಓದುತ್ತಾ, "ಕೊರವಂಜಿ" ಪತ್ರಿಕೆಗೆ ಬರೆಯುತ್ತಾ ಬೆಳೆದರು. ಈ ಕತೆಯನ್ನು ಕಲಿಯದೇ ಇರುವುದಕ್ಕೆ ನೆಪ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಆತ ಕಾಗೆಗಳನ್ನು ಎಷ್ಟು ಬರೆದರು ಅನ್ನುವುದನ್ನು ಅವರು ಹೇಳುವುದಿಲ್ಲ. ಇಂಗ್ಲಿಷ್ ವಿಷಯಕ್ಕೆ ಬಂದರೆ, ಕತೆ ಬರೆಯಲು ಬೇಡ. ಪ್ರಕಾಶಕರಿಗೆ ಇಮೇಲ್ ಬರೆಯಲು, ಒಪ್ಪಂದ ಓದಲು ಸ್ವಲ್ಪ ಬೇಕು. ಗೊತ್ತಿರುವವರಿಂದ ಓದಿಸಿಕೊಂಡರೂ ಆಯ್ತು.

ಯಾರಿಗೆ ಕಳಿಸಬೇಕು? ಪ್ರಥಮ್ ಬುಕ್ಸ್ 2004ರಿಂದ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಕಡಿಮೆ ಬೆಲೆಗೆ ಮಕ್ಕಳ ಪುಸ್ತಕ ಮಾಡುತ್ತಿದೆ. ಚೆನ್ನೈನ ತೂಲಿಕಾ ಕೂಡ ಕನ್ನಡದಲ್ಲಿ ಚಿತ್ರಪುಸ್ತಕ ತರುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಬುಕ್ ಟ್ರಸ್ಟ್ ಇದೆ. ನಮ್ಮ ನವಕರ್ನಾಟಕ ಇದೆ. ಪ್ರತಿಯೊಬ್ಬರ ರೀತಿ ಬೇರೆ, ಕಳಿಸುವ ಮುಂಚೆ ಅವರ ಈಗಿನ ನಿಯಮ ಓದಿ. ಸಾಮಾನ್ಯವಾಗಿ ಡಮ್ಮಿಯ ಪಿಡಿಎಫ್, ಪೂರ್ತಿ ಬಣ್ಣ ಹಾಕಿದ ಎರಡು ಜೋಡಿಪುಟ, ಅರ್ಧ ಪುಟದ ಪತ್ರ ಸಾಕು. ಮೂಲ ಚಿತ್ರ ಯಾವತ್ತೂ ಅಂಚೆಗೆ ಹಾಕಬೇಡಿ. ಹನ್ನೆರಡೂ ಚಿತ್ರ ಮುಗಿಸಿಕೊಂಡೂ ಹೋಗಬೇಡಿ. ಅವರು ಪುಸ್ತಕದ ಅಳತೆ ಚೌಕ ಬೇಕು ಅಂದರೆ ಎಲ್ಲ ಮತ್ತೆ ಬರೆಯಬೇಕು.

ಸ್ಟೋರಿವೀವರ್‌ನಲ್ಲಿ ನೀವೇ ಪುಸ್ತಕ ಮಾಡಿ ಹಾಕಬಹುದು. ಅಭ್ಯಾಸಕ್ಕೆ ಬಹಳ ಒಳ್ಳೆಯದು. ಆದರೆ ಅಲ್ಲಿರುವುದು ಮುಕ್ತ ಪರವಾನಗಿ. ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಮಾರಬಹುದು. ಮೊಲದ ಕತೆಯನ್ನು ಅಲ್ಲಿಗೆ ಹಾಕುವ ಮುಂಚೆ ಯೋಚಿಸಿ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದಾದರೆ ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಸಂಸ್ಥೆಗೆ ಅರ್ಜಿ ಹಾಕಿದರೆ ಸಿಗುತ್ತದೆ. ಅದಕ್ಕೆ ಸಾವಿರಗಟ್ಟಲೆ ಕೇಳುವವರಿಂದ ದೂರ ಇರಿ. ಆದರೂ ಮೊದಲ ಪುಸ್ತಕಕ್ಕೆ ಈ ದಾರಿ ಬೇಡ ಅಂತಲೇ ನನ್ನ ಅಭಿಪ್ರಾಯ. ಬಣ್ಣದ ಅಚ್ಚು ದುಬಾರಿ, 500 ಪ್ರತಿ ಮಂಚದ ಕೆಳಗೆ ಕೂರುತ್ತವೆ.

ದುಡ್ಡಿನ ಮಾತು. ಒಂದು ಪುಸ್ತಕಕ್ಕೆ 80 ರೂಪಾಯಿ ಬೆಲೆ, 10% ಗೌರವಧನ ಅಂತ ಇಟ್ಟುಕೊಳ್ಳಿ. ಪ್ರತಿಗೆ 8 ರೂಪಾಯಿ. ಬರೆದವರು, ಚಿತ್ರ ಮಾಡಿದವರು ಬೇರೆ ಬೇರೆ ಆದರೆ ಹಂಚಿಕೊಳ್ಳಬೇಕು. ನಿಮ್ಮದು ಪೂರ್ತಿ ನಿಮಗೇ. 2,000 ಪ್ರತಿ ಹೋದರೆ 16,000 ರೂಪಾಯಿ. ಅದೂ ಎರಡು ಮೂರು ವರ್ಷದಲ್ಲಿ ಬರುವುದು. ಪುಸ್ತಕಕ್ಕೆ ಹಿಡಿಯುವುದು ಆರು ತಿಂಗಳೋ ಒಂದು ವರ್ಷವೋ. ಲೆಕ್ಕ ನೀವೇ ಮಾಡಿ. ಶಾಲೆಯ ಕೆಲಸ ಬಿಡಬೇಡಿ. ನನಗೂ ಮನೆ ನಡೆದಿದ್ದು ಪತ್ರಿಕೆಗಳ ಚಿತ್ರ, ಶಾಲೆಗಳ ಶಿಬಿರ, ಬೇರೆಯವರ ಪುಸ್ತಕದ ಚಿತ್ರಗಳಿಂದ. ಸ್ವಂತ ಪುಸ್ತಕದಿಂದ ಅಲ್ಲ.

ಒಪ್ಪಂದ ಮಾತ್ರ ಓದದೇ ಸಹಿ ಹಾಕಬೇಡಿ. ನಾನು ಹಾಕಿದ್ದೆ. ಮೊದಲ ಪುಸ್ತಕಕ್ಕೆ ಒಂದೇ ಸಲ ಹಣ ಕೊಟ್ಟು ಎಲ್ಲ ಭಾಷೆಯ ಎಲ್ಲ ಹಕ್ಕನ್ನೂ ಬರೆಸಿಕೊಂಡಿದ್ದರು. ನನಗೆ ಗೊತ್ತಾಗಿದ್ದು ವರ್ಷಗಳಾದ ಮೇಲೆ, ಒಂದು ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲಿ ತಮಿಳು ಪ್ರತಿ ಕಂಡಾಗ. ದೂರದಿಂದಲೇ ಗುರುತು ಸಿಕ್ಕಿತು, ಅದೇ ಪೈನ್ ಮರಗಳು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಕೊಡುವುದು ಬರಹದಲ್ಲೇ ಆಗಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಕಾಲ, ಭಾಷೆ, ಇ-ಪುಸ್ತಕ, ಆಡಿಯೋ ಇವು ಬೇರೆ ಬೇರೆಯಾಗಿ ಬರೆದಿವೆಯಾ ನೋಡಿ. ಕತೆಯ ಹಕ್ಕು ಬೇರೆ, ಚಿತ್ರದ ಹಕ್ಕು ಬೇರೆ. ಎರಡೂ ನಿಮ್ಮವೇ ಆದ್ದರಿಂದ ಎರಡಕ್ಕೂ ಮಾತಾಡಿ. ಮೂಲ ಚಿತ್ರಗಳು ವಾಪಸ್ ಬರಬೇಕು ಅಂತ ಒಂದು ಸಾಲು ಬರೆಸಿ.

ಕದ್ದರೆ? ಸುಳ್ಳು ಹೇಳುವ ಮೊಲ ಅನ್ನುವ ಯೋಚನೆಗೆ ಯಾರಿಗೂ ಹಕ್ಕಿಲ್ಲ. ನೀವು ಬರೆದ ಮಾತಿಗೆ, ಮಾಡಿದ ಚಿತ್ರಕ್ಕೆ ಬರೆದ ಕ್ಷಣದಿಂದಲೇ ಹಕ್ಕು ಇದೆ. ನೋಂದಣಿ ಕಡ್ಡಾಯ ಅಲ್ಲ. ಮಾಡಿಸಲೇಬೇಕು ಅನ್ನಿಸಿದರೆ ಬರಹಕ್ಕೆ 500, ಚಿತ್ರಕ್ಕೆ 500 ರೂಪಾಯಿ ಶುಲ್ಕ. ನನ್ನ ಇಷ್ಟು ವರ್ಷದಲ್ಲಿ ಕತೆ ಕಳುವಾಗಿದ್ದಕ್ಕಿಂತ ಸಂಪಾದಕರ ಇನ್‌ಬಾಕ್ಸಿನಲ್ಲಿ ಕಳೆದುಹೋಗಿದ್ದೇ ಜಾಸ್ತಿ. ಮೂರು ತಿಂಗಳು ಕಾದು ಒಂದು ಸಲ ನೆನಪು ಮಾಡಿ. ಉತ್ತರ ಬರದಿದ್ದರೆ ಬೇರೆಯವರಿಗೆ ಕಳಿಸಿ.

ಅಂದ ಹಾಗೆ ನಿಮ್ಮ ಮೊಲವನ್ನು ನಾನೇ 24 ಪುಟದಲ್ಲಿ ಹಾಕಿ ನೋಡಿದೆ. ಕಿವಿ ನೆಟ್ಟಗಾಗಬೇಕಾದದ್ದು 18ನೇ ಪುಟದಲ್ಲಿ. ಅದು ಎಡಪುಟ, ತಿರುವಿದ ಕೂಡಲೇ ಕಾಣುತ್ತದೆ. 17ರಲ್ಲಿ ಇಟ್ಟರೆ 16 ನೋಡುವಾಗಲೇ ಮಕ್ಕಳ ಕಣ್ಣಿಗೆ ಬಿದ್ದುಬಿಡುತ್ತದೆ.